ತಮ್ಮನಿಗೆ ಮೋಟರ್ ಶಬ್ದದಲ್ಲಿ ಯಾರೋ ಕರೆದ ಹಾಗೆ ಕೇಳಿಸುತ್ತದಂತೆ. ಅಮಾವಾಸ್ಯೆ ತನಕ ಕಾಯಬೇಕಾ, ಈಗಲೇ ಡಾಕ್ಟರಿಗೆ ತೋರಿಸಬೇಕಾ?

ಅರಸೀಕೆರೆ ಅಕ್ಕ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿ ಬರೆದು ಅಳಿಸಿ, ಕೊನೆಗೆ ಇವತ್ತು ಹಾಕುತ್ತಿದ್ದೇನೆ.

ನನ್ನ ತಮ್ಮನಿಗೆ 20 ವರ್ಷ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಸಂಕ್ರಾಂತಿಗೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಮೊದಲು ಜ್ವರ ಅಂದ, ಆಮೇಲೆ ಪರೀಕ್ಷೆ ಮುಂದಕ್ಕೆ ಹೋಗಿದೆ ಅಂದ. ನಾವೂ ನಂಬಿದೆವು. ಈಗ ನೆನೆಸಿಕೊಂಡರೆ ದೀಪಾವಳಿ ಹೊತ್ತಿಗೇ ಅವನು ಬದಲಾಗಿದ್ದ. ಕ್ರಿಕೆಟ್ ಬಿಟ್ಟಿದ್ದ. ಫೋನ್ ಮಾಡಿದರೆ ಹೂಂ, ಊಹೂಂ ಅಷ್ಟೇ. ಆ ಸಲ ನಾಲ್ಕು ವಿಷಯದಲ್ಲಿ ಫೇಲ್ ಆಗಿದ್ದ. ಅದು ನಮಗೆ ಗೊತ್ತಾಗಿದ್ದೇ ಹೋದ ತಿಂಗಳು.

ಮನೆಗೆ ಬಂದ ಮೇಲೆ ಮೊದಲು ಲ್ಯಾಪ್‌ಟಾಪ್ ಕ್ಯಾಮೆರಾದ ಮೇಲೆ ಟೇಪ್ ಅಂಟಿಸಿದ. ಆಮೇಲೆ ತೋಟದ ಕಡೆ ಇರುವ ಕಿಟಕಿಗೆ ಪೂರ್ತಿ ಪೇಪರ್ ಅಂಟಿಸಿದ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಎರಡು ಗಂಟೆಗೆ ಬರುತ್ತದೆ. ಅಪ್ಪ ಮೋಟರ್ ಹಾಕೋಕೆ ಎದ್ದಾಗಲೆಲ್ಲ ಇವನು ಜಗಲಿಯಲ್ಲಿ ಕೂತೇ ಇರುತ್ತಾನೆ. ಒಂದು ದಿನ ಅಪ್ಪನನ್ನು ಕೇಳಿದ್ದಾನೆ: "ಮೋಟರ್ ಶಬ್ದದಲ್ಲಿ ನನ್ನ ಹೆಸರು ಸೇರಿಸಿದ್ದು ಯಾರು?"

ಊಟದ್ದು ಇನ್ನೂ ಕಷ್ಟ. ಅಮ್ಮ ಮಾಡಿದ್ದನ್ನು ಮುಟ್ಟುವುದಿಲ್ಲ. ಬಾಳೆಹಣ್ಣು ತಿನ್ನುತ್ತಾನೆ, ಅದೂ ತಾನೇ ಸಿಪ್ಪೆ ಸುಲಿದದ್ದು ಮಾತ್ರ. ಬೇಯಿಸಿದ ಮೊಟ್ಟೆಯನ್ನೂ ತಾನೇ ಒಡೆಯಬೇಕು. ಅಮ್ಮ ಬಾಗಿಲ ಹಿಂದೆ ನಿಂತು ಅಳುತ್ತಾಳೆ.

ಅಪ್ಪ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ ದಾರ ಕಟ್ಟಿಸಿಕೊಂಡು ಬಂದರು. ಅಮಾವಾಸ್ಯೆಗೆ ಇನ್ನೊಂದು ಪೂಜೆ ಆಗಬೇಕಂತೆ, ಆಮೇಲೆ ಸರಿ ಹೋಗುತ್ತಾನಂತೆ. ಅದಕ್ಕೆ ಇನ್ನು 17 ದಿನ ಇದೆ. ಮಾವ "ಯಾವುದೋ ಹುಡುಗಿ ವಿಷಯ ಇರಬೇಕು, ಬಿಡು" ಅನ್ನುತ್ತಾರೆ. ಅಮ್ಮನಿಗೆ ಬೇರೆ ಹೆದರಿಕೆ. ನನ್ನ ಮದುವೆ ಮಾತು ನಡೆಯುತ್ತಿದೆ. ತಮ್ಮನನ್ನು ಮಾನಸಿಕ ಡಾಕ್ಟರಿಗೆ ತೋರಿಸಿದ್ದು ಗೊತ್ತಾದರೆ ಆ ಮನೆಯವರು ಹಿಂದೆ ಸರಿಯುತ್ತಾರೆ ಅಂತ. ಸರಿದರೆ ಸರಿಯಲಿ, ನನಗೆ ನನ್ನ ತಮ್ಮ ಬೇಕು.

ಬೇಗ ಚಿಕಿತ್ಸೆ ಶುರು ಮಾಡಿದರೆ ಒಳ್ಳೆಯದು ಅಂತ ಎಲ್ಲೋ ಓದಿದೆ. ಬೇಗ ಅಂದರೆ ಎಷ್ಟು ಬೇಗ? 17 ದಿನ ಕಾದರೆ ಏನಾದರೂ ಹಾಳಾಗುತ್ತದಾ? ತನಗೆ ಏನೂ ಆಗಿಲ್ಲ ಅನ್ನುವವನನ್ನು ಹೇಗೆ ಕರೆದುಕೊಂಡು ಹೋಗುವುದು? ಜೀವನಪೂರ್ತಿ ಮಾತ್ರೆ ತಿನ್ನಬೇಕಾಗುತ್ತದಾ? ಅವನ ಓದು ಏನಾಗುತ್ತದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಾಗರದ ಅಮ್ಮ ಉತ್ತರಿಸಿದ್ದಾರೆ:

ಮಗಳೇ, ನಿನ್ನ ಬಾಳೆಹಣ್ಣಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಅದು ಎಳನೀರು. ನನ್ನ ಮಗ ಕಾಯಿಯನ್ನು ತಾನೇ ಕೆತ್ತಿ ಕುಡಿಯುತ್ತಿದ್ದ, ಬೇರೆ ಏನೂ ಬೇಡ. ಈಗ ಅವನಿಗೆ 27. ಶುರುವಾದಾಗ 19.

ಮೊದಲು ನೇರ ಉತ್ತರ. ಕಾಯಬೇಡ. 17 ದಿನ ಒಂದೇ ಆದರೆ ಇರಲಿ ಅನ್ನಬಹುದಿತ್ತು. ಆದರೆ ಆ 17 ದಿನ ಮುಗಿದ ಮೇಲೆ ಇನ್ನೊಂದು ಅಮಾವಾಸ್ಯೆ ಬರುತ್ತದೆ. ನಮಗೆ ಹಾಗೇ ಆಯಿತು. 2017ರ ದಸರಾ ಕಳೆದ ಮೇಲೆ ಶುರುವಾಗಿದ್ದು, ಡಾಕ್ಟರ ಮುಂದೆ ಕೂತಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಹನ್ನೊಂದು ತಿಂಗಳು. ಅಷ್ಟರಲ್ಲಿ ಮೂರು ಕಡೆ ಹರಕೆ, ಒಂದು ಕಡೆ ತಡೆ ಒಡೆಸಿದ್ದು, ಒಬ್ಬರು ಕೊಟ್ಟ ಕಷಾಯ. ಯಾರೂ ಕೆಟ್ಟದ್ದು ಬಯಸಲಿಲ್ಲ. ಆದರೆ ಆ ಹನ್ನೊಂದು ತಿಂಗಳು ನನ್ನ ಮಗ ಒಬ್ಬನೇ ಆ ಹೆದರಿಕೆಯೊಳಗೆ ಇದ್ದ. ಗೆಳೆಯರು ಒಬ್ಬೊಬ್ಬರಾಗಿ ದೂರ ಆದರು. ಓದು ಬಿಟ್ಟಿತು. ಸ್ನಾನ ಬಿಟ್ಟಿತು. ಧ್ವನಿಗಳು ಮಾತ್ರೆಯಿಂದ ಹೋದವು, ಆದರೆ ಬಿಟ್ಟುಹೋದದ್ದನ್ನೆಲ್ಲ ಮತ್ತೆ ಕೂಡಿಸೋಕೆ ನಮಗೆ ನಾಲ್ಕು ವರ್ಷ ಬೇಕಾಯಿತು. ಬೇಗ ಹೋಗು ಅನ್ನುವುದು ಅದಕ್ಕೇ.

ಅಪ್ಪನ ಜೊತೆ ಜಗಳ ಮಾಡಬೇಡ. ಪೂಜೆ ಬೇಡ ಅಂದರೆ ಅವರು ಡಾಕ್ಟರನ್ನೇ ಬೇಡ ಅನ್ನುತ್ತಾರೆ. "ಪೂಜೆ ಅಮಾವಾಸ್ಯೆಗೆ ಆಗಲಿ, ಡಾಕ್ಟರಿಗೆ ಈ ವಾರ ತೋರಿಸೋಣ, ಎರಡೂ ಇರಲಿ" ಅನ್ನು. ನಮ್ಮ ಯಜಮಾನರು ಒಪ್ಪಿದ್ದು ಹಾಗೆ. ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಯಾರು ಹೇಳಿದರೂ ಆಗಕೂಡದು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಎದ್ದು ಓಡೋಕೂ ಆಗದೆ ಸುಟ್ಟುಹೋದರು.

ತಮ್ಮನಿಗೆ "ನಿನಗೆ ಹುಚ್ಚು, ಬಾ" ಅಂದರೆ ಯಾಕೆ ಬರುತ್ತಾನೆ? ನಿದ್ದೆಯ ಹೆಸರಲ್ಲಿ ಕರಿ. ಅದು ಸುಳ್ಳಲ್ಲ, ನಿಜವಾಗಲೂ ನಿದ್ದೆ ಇಲ್ಲ ಅಲ್ವಾ. "ರಾತ್ರಿಯೆಲ್ಲ ಎದ್ದಿರುತ್ತೀಯ, ಸೊರಗಿದ್ದೀಯ, ನಿದ್ದೆಗೆ ಏನಾದರೂ ಕೇಳೋಣ" ಅಂತ. ನನ್ನ ಮಗ ಬಂದಿದ್ದು ಅದಕ್ಕೇ.

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಹೇಳುತ್ತೇನೆ. ಮಾತ್ರೆ ಬೇಡ ಅಂತ ಅವನು ಹಟ ಮಾಡಿದಾಗ ಪುಡಿ ಮಾಡಿ ಕಾಫಿಯಲ್ಲಿ ಹಾಕಿದೆ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಲೋಟದ ತಳದಲ್ಲಿ ಬಿಳಿ ಗಸಿ ಉಳಿದಿತ್ತು. ಅವನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ನನ್ನ ಮುಖ ನೋಡಿದ. ಬೈಯಲಿಲ್ಲ, ಕೂಗಲಿಲ್ಲ. "ನಾನು ಹೇಳ್ತಾ ಇರ್ಲಿಲ್ವಾ" ಅಂದ, ಅಷ್ಟೇ. ತನ್ನ ಊಟದಲ್ಲಿ ಯಾರೋ ಏನೋ ಹಾಕುತ್ತಾರೆ ಅಂತ ಹೆದರಿದ್ದ ಮಗುವಿಗೆ ನಾನೇ ಅದನ್ನು ನಿಜ ಮಾಡಿ ತೋರಿಸಿದ್ದೆ. ನನ್ನ ಕೈಯಿಂದ ಒಂದು ತುತ್ತು ತಿನ್ನೋಕೆ ಆಮೇಲೆ ಅವನಿಗೆ ಐದು ತಿಂಗಳು ಬೇಕಾಯಿತು. ನಿನ್ನ ತಮ್ಮ ಸಿಪ್ಪೆ ಇರುವ ಹಣ್ಣು ಮಾತ್ರ ತಿನ್ನುತ್ತಾನೆ ಅಂದೆಯಲ್ಲ. ಅವನಿಗೆ ಮಾತ್ರೆಯನ್ನು ಕಣ್ಣೆದುರೇ ಕೊಡು, ಬಿಚ್ಚದ ಮಾತ್ರೆ ಪಟ್ಟಿಯನ್ನೇ ಅವನ ಕೈಗೆ ಕೊಡು.

ಮೊದಲ ಭೇಟಿಯಲ್ಲಿ ಡಾಕ್ಟರ್ ತುಂಬಾ ಕೇಳುತ್ತಾರೆ. ಯಾವಾಗಿನಿಂದ, ನಿದ್ದೆ ಹೇಗೆ, ಜ್ವರ ಬಂದಿತ್ತಾ, ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಗಾಂಜಾ ಸೇದುತ್ತಾನಾ, ಮನೆತನದಲ್ಲಿ ಯಾರಿಗಾದರೂ ಇತ್ತಾ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡು ಹೋಗು. ನನ್ನ ಮಗನಿಗೆ ಥೈರಾಯ್ಡ್, ಬಿ12 ಎಲ್ಲ ರಕ್ತ ಪರೀಕ್ಷೆ ಮಾಡಿಸಿದರು. ಬೇರೆ ಕಾಯಿಲೆಯಿಂದಲೂ ಹೀಗಾಗಬಹುದು, ಅದನ್ನು ಮೊದಲು ನೋಡಬೇಕು ಅಂದರು. ಆಮೇಲೆ ಸಣ್ಣ ಡೋಸು. ಮೊದಲ ವಾರದಲ್ಲೇ ನಿದ್ದೆ ಬಂತು. ಧ್ವನಿ ಕಮ್ಮಿ ಆಗೋಕೆ ಆರು ವಾರ ಹಿಡಿಯಿತು.

ಜೀವನಪೂರ್ತಿಯಾ ಅಂತ ಕೇಳಿದೆ. ಎಲ್ಲರಿಗೂ ಒಂದೇ ತರ ಇಲ್ಲ. ಆದರೆ ಚೆನ್ನಾಗಾದ ಕೂಡಲೇ ನೀವೇ ನಿಲ್ಲಿಸಬೇಡಿ. ನಾವು ಎಂಟು ತಿಂಗಳಿಗೆ ನಿಲ್ಲಿಸಿದೆವು, ಹುಡುಗ ಚೆನ್ನಾಗಿದ್ದಾನಲ್ಲ ಅಂತ. ಐದನೇ ವಾರಕ್ಕೆ ಎಲ್ಲ ವಾಪಸ್. ಎರಡನೇ ಸಲ ಇಳಿಯೋಕೆ ಮೊದಲಿಗಿಂತ ಜಾಸ್ತಿ ದಿನ ಹಿಡಿಯಿತು. ಈಗ ಡಾಕ್ಟರೇ ನಿಧಾನವಾಗಿ ಇಳಿಸಿ ಒಂದು ಸಣ್ಣ ಮಾತ್ರೆಗೆ ತಂದಿದ್ದಾರೆ. ದೂರಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿದ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸೀಸನ್ನಿನಲ್ಲಿ ರಾತ್ರಿ ಒಂಬತ್ತಾದರೂ ಮನೆಗೆ ಬರುವುದಿಲ್ಲ, ಅಷ್ಟು ಕೆಲಸ.

ಎಲ್ಲಿಗೆ ಹೋಗುವುದು ಅಂತ ತಲೆ ಕೆಡಿಸಿಕೊಳ್ಳಬೇಡ. ಹಾಸನದ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಅದರಲ್ಲಿ ತಾಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಒಂದು ಫೋನ್ ಮಾಡಿ ಕೇಳಿಕೋ. ಬೆಂಗಳೂರಿಗೆ ಹೋಗುವ ಹಾಗಿದ್ದರೆ ನಿಮ್ಹಾನ್ಸ್. ಅಲ್ಲಿ ಅಡ್ಮಿಟ್ ಮಾಡಿದರೂ ಮನೆಯವರು ಒಬ್ಬರು ಜೊತೆಯಲ್ಲೇ ಇರುತ್ತಾರೆ. ಇವತ್ತು ರಾತ್ರಿಯೇ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದಿನದ 24 ಗಂಟೆ, ದುಡ್ಡು ಕೊಡಬೇಕಿಲ್ಲ.

ನಮ್ಮ ಜಿಲ್ಲೆಯದೇ ಆದ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸಿನವರು ವರ್ಷಗಟ್ಟಲೆ ಹಳ್ಳಿಹಳ್ಳಿಯಲ್ಲಿ ಇಂಥವರನ್ನು ಹುಡುಕಿ ಚಿಕಿತ್ಸೆ ಕೊಟ್ಟಿದ್ದಾರೆ. ಎಷ್ಟೋ ವರ್ಷ ಮದ್ದೇ ಕಾಣದವರೂ ಚಿಕಿತ್ಸೆ ಸಿಕ್ಕ ಮೇಲೆ ಸುಧಾರಿಸಿದರು. ಆಗ ಅವರೂ ಸುಧಾರಿಸಿದ್ದಾರೆ ಅಂದರೆ, ಕೆಲವೇ ತಿಂಗಳಿಂದ ಹೀಗಿರುವ ನಿನ್ನ ತಮ್ಮ ಯಾಕೆ ಆಗುವುದಿಲ್ಲ?

ತುಮಕೂರಿನ ಓದುಗ ಉತ್ತರಿಸಿದ್ದಾರೆ:

ಎಲ್ಲರೂ ಮಾತ್ರೆ ಮಾತ್ರೆ ಅನ್ನುತ್ತೀರಿ. ಇಂಥ ಮಾತ್ರೆ ಒಮ್ಮೆ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ, ಮುಖ ಮಂಕಾಗುತ್ತದೆ. 20 ವರ್ಷದ ಹುಡುಗ. ಮೊದಲು ಮೂರು ತಿಂಗಳು ಯೋಗ, ಧ್ಯಾನ, ಪ್ರಾಣಾಯಾಮ ಮಾಡಿಸಿ ನೋಡಿ, ಆಗದಿದ್ದರೆ ಆಮೇಲೆ ಡಾಕ್ಟರ್. ನಾನು ಹುಡುಗನ ಒಳ್ಳೆಯದಕ್ಕೇ ಹೇಳುತ್ತಿರುವುದು.

ಬರ್ಮಿಂಗ್‌ಹ್ಯಾಮ್ ನರ್ಸ್ ಉತ್ತರಿಸಿದ್ದಾರೆ:

ನಾನು ದಾವಣಗೆರೆಯವಳು. ಇಂಗ್ಲೆಂಡಿಗೆ ಬಂದು 14 ವರ್ಷ ಆಯಿತು. ಅದರಲ್ಲಿ ಆರು ವರ್ಷ ಇಂಥ ಮಕ್ಕಳ ಜೊತೆಯಲ್ಲೇ, ಮೊದಲ ಸಲ ಸೈಕೋಸಿಸ್ (ಇಲ್ಲದ ಧ್ವನಿ ಕೇಳಿಸುವುದು, ಆಧಾರವಿಲ್ಲದ ಅನುಮಾನ ಹಿಡಿಯುವುದು) ಬಂದವರನ್ನು ನೋಡಿಕೊಳ್ಳುವ ತಂಡದಲ್ಲಿ ಕೆಲಸ ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನವರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಮೂರು ತಿಂಗಳು ಅನ್ನುವುದು ಬಹಳ ದೊಡ್ಡ ಕಾಲ. ಯೋಗ ಬೇಡ ಅನ್ನುವುದಿಲ್ಲ. ನಿಮ್ಹಾನ್ಸ್‌ನಲ್ಲೇ ಯೋಗದ ಬಗ್ಗೆ ಅಧ್ಯಯನ ಆಗಿದೆ, ಮಾತ್ರೆಯ ಜೊತೆಗೆ ಯೋಗ ಸೇರಿಸಿ. ಮಾತ್ರೆಯ ಬದಲಿಗೆ ಅಲ್ಲ. ಕಿವಿಯಲ್ಲಿ ಮಾತು ಕೇಳುತ್ತಿರುವ ಹುಡುಗನನ್ನು ಕಣ್ಣು ಮುಚ್ಚಿ ಗಂಟೆಗಟ್ಟಲೆ ಧ್ಯಾನಕ್ಕೆ ಕೂರಿಸಿದರೆ ಅವನು ಆ ಮಾತುಗಳ ಜೊತೆ ಇನ್ನೂ ಒಂಟಿಯಾಗುತ್ತಾನೆ. ಈ ಮಾತ್ರೆಗಳು ಹೆಂಡ, ಗಾಂಜಾದ ಹಾಗೆ ಚಟ ಹಿಡಿಸುವುದಿಲ್ಲ. ಅಡ್ಡ ಪರಿಣಾಮ ಇದೆ, ಅದು ನಿಜ. ಡೋಸು ಇಳಿಸಬಹುದು, ಮಾತ್ರೆ ಬದಲಿಸಬಹುದು.

ಅಕ್ಕಾ, ಬೇಗ ಅಂದರೆ ಎಷ್ಟು ಬೇಗ ಅಂತ ಕೇಳಿದಿರಿ. ಇಲ್ಲಿ 2016ರ ಏಪ್ರಿಲ್‌ನಿಂದ ಒಂದು ಗುರಿ ಇಟ್ಟಿದ್ದಾರೆ. ಮೊದಲ ಸೈಕೋಸಿಸ್ ಅಂತ ಅನುಮಾನ ಬಂದು ಹೆಸರು ಕಳಿಸಿದರೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು. ಖಚಿತ ಆಗಲಿ ಅಂತ ಕಾಯುವುದಿಲ್ಲ, ಅನುಮಾನ ಸಾಕು. ಮೊದಲ ದಿನವೇ ಸ್ಕಿಜೋಫ್ರೀನಿಯಾ (ಇಂಥ ಧ್ವನಿ, ಅನುಮಾನ ಬಹಳ ಕಾಲ ಕಾಡುವ ಕಾಯಿಲೆ) ಅಂತ ಹಣೆಪಟ್ಟಿಯನ್ನೂ ಹಚ್ಚುವುದಿಲ್ಲ. ಕೆಲವರಿಗೆ ಅದಾಗಿರುತ್ತದೆ, ಕೆಲವರಿಗೆ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಬೇಸರಕ್ಕೂ ತೂಗಾಡುವ ಕಾಯಿಲೆ), ಕೆಲವರಿಗೆ ಒಂದೇ ಸಲ ಬಂದು ಹೋಗುತ್ತದೆ. ಅದು ತಿಳಿಯೋಕೆ ಸಮಯ ಬೇಕು, ಚಿಕಿತ್ಸೆಗೆ ಅದು ತಿಳಿಯಲೇಬೇಕು ಅಂತಿಲ್ಲ.

ನಮ್ಮ ಕೆಲಸ ಹೇಗೆ ಅಂದರೆ, ಒಬ್ಬ ನರ್ಸಿಗೋ ಸೋಶಿಯಲ್ ವರ್ಕರಿಗೋ ಸುಮಾರು 15 ಜನ ಮಕ್ಕಳು. ಮೂರು ವರ್ಷ ಜೊತೆಗಿರುತ್ತೇವೆ. ಆಸ್ಪತ್ರೆಗೆ ಬನ್ನಿ ಅನ್ನುವುದಕ್ಕಿಂತ ನಾವೇ ಮನೆಗೆ ಹೋಗುವುದು ಜಾಸ್ತಿ. ಒಬ್ಬ ಹುಡುಗ ಆರು ವಾರ ಕೋಣೆಯ ಬಾಗಿಲು ತೆಗೆಯಲಿಲ್ಲ. ನಾನು ಪ್ರತಿ ಗುರುವಾರ ಹೋಗಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಅವನ ಅಜ್ಜಿಯ ಜೊತೆ ಮಾತಾಡಿ ಬರುತ್ತಿದ್ದೆ, ಅವನಿಗೆ ಕೇಳಿಸುವ ಹಾಗೆ. ಏಳನೇ ಗುರುವಾರ ಬಾಗಿಲು ತೆಗೆದ. ಮಾತ್ರೆ ಇದರಲ್ಲಿ ಒಂದು ಭಾಗ. ಧ್ವನಿಗಳನ್ನು, ಅನುಮಾನಗಳನ್ನು ಹೇಗೆ ಎದುರಿಸುವುದು ಅಂತ ಮನಶ್ಶಾಸ್ತ್ರಜ್ಞರು ಹೇಳಿಕೊಡುತ್ತಾರೆ. ಮನೆಯವರನ್ನು ಕೂರಿಸಿ ಮಾತಾಡುತ್ತೇವೆ. ಕೆಲಸ, ಓದು ಮತ್ತೆ ಹಿಡಿಯೋಕೆ ಬೇರೆಯವರೇ ಇರುತ್ತಾರೆ. ತೂಕ, ಸೊಂಟದ ಅಳತೆ, ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡುತ್ತಲೇ ಇರಬೇಕು.

ಈ ಪದ್ಧತಿಗೆ ದೊಡ್ಡ ಹೆಸರು ತಂದಿದ್ದು ಮೆಲ್ಬರ್ನ್. 1992ರಲ್ಲಿ ಮನೋವೈದ್ಯ ಪ್ಯಾಟ್ರಿಕ್ ಮೆಕ್‌ಗೊರಿ ಮತ್ತು ಅವರ ಜೊತೆಗಾರರು ಅಲ್ಲಿ ಎಳೆಯರಿಗಾಗಿಯೇ ಕೇಂದ್ರ ಶುರು ಮಾಡಿದರು. ಹಳೆಯ ರೋಗಿಗಳ ವಾರ್ಡಿನಲ್ಲಿ 18ರ ಹುಡುಗನನ್ನು ಮಲಗಿಸಿದರೆ ಅವನು ಅಲ್ಲೇ ತನ್ನ ಇಡೀ ಭವಿಷ್ಯ ನೋಡಿ ಕುಸಿಯುತ್ತಾನೆ ಅಲ್ವಾ. ಹಾಗಂತ ದುಡ್ಡಿರುವ ದೇಶದಲ್ಲೆಲ್ಲ ಬೇಗ ಸಿಗುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಒಂದು ದೊಡ್ಡ ಅಧ್ಯಯನಕ್ಕೆ ಸೇರಿದವರಲ್ಲಿ ಅರ್ಧದಷ್ಟು ಜನ ಚಿಕಿತ್ಸೆ ಇಲ್ಲದೆ 74 ವಾರಕ್ಕಿಂತ ಜಾಸ್ತಿ ಕಳೆದಿದ್ದರು. ನೀವು ಕೆಲವೇ ತಿಂಗಳಲ್ಲಿ ಕೇಳುತ್ತಿದ್ದೀರಿ. ತಡ ಮಾಡಿದೆ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಇನ್ನೊಂದು ಹೇಳಲೇಬೇಕು. ಚೆನ್ನೈನಲ್ಲಿ ಸ್ಕಿಜೋಫ್ರೀನಿಯಾ ಇರುವವರಿಗಾಗಿ ಸ್ಕಾರ್ಫ್ ಅಂತ ಸಂಸ್ಥೆ ಇದೆ. 1984ರಲ್ಲಿ ಅದನ್ನು ಕಟ್ಟಿದ ಡಾ. ಶಾರದಾ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಆ ಸಂಸ್ಥೆಯವರು ಮತ್ತು ಕೆನಡಾದ ಮಾಂಟ್ರಿಯಲ್‌ನವರು ಒಂದೇ ತರದ ಆರೈಕೆಯನ್ನು ಎರಡೂ ಊರಿನಲ್ಲಿ ಎರಡು ವರ್ಷ ಕೊಟ್ಟು ಹೋಲಿಸಿ ನೋಡಿದರು. ಮಂಕು ಕವಿದು ಕೂರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು ಇದೆಯಲ್ಲ, ಮಾತ್ರೆಗೆ ಸುಲಭವಾಗಿ ಬಗ್ಗದ ಭಾಗ ಅದು. ಅದರಲ್ಲಿ ಚೆನ್ನೈನ ಮಕ್ಕಳು ಮುಂದಿದ್ದರು. ಮನೆಯವರ ಆಸರೆಯೂ ಅಲ್ಲೇ ಜಾಸ್ತಿ ಇತ್ತು. ಇಲ್ಲಿ ನಾನು ನೋಡುವ ಎಷ್ಟೋ ಮಕ್ಕಳಿಗೆ ಬಾಗಿಲ ಹಿಂದೆ ಅಳುವ ಅಮ್ಮ ಇರುವುದಿಲ್ಲ. ನಿಮ್ಮ ಊರಿನಲ್ಲಿ ಇಂಥ ತಂಡ ಸಿದ್ಧವಾಗಿ ಸಿಗದೆ ಇರಬಹುದು. ಆದರೆ ಡಾಕ್ಟರ್ ಒಬ್ಬರು, ಮನೆಯಿಂದ ನೀವು, ಕಾಲೇಜಿನಲ್ಲಿ ಒಬ್ಬ ನಂಬುವ ಮೇಷ್ಟ್ರು, ಇಷ್ಟು ಜನ ಪರಸ್ಪರ ಮಾತಾಡುವ ಹಾಗೆ ಮಾಡಿದರೆ ತಂಡದ ಮುಕ್ಕಾಲು ಭಾಗ ಆಯಿತು. ಆರು ತಿಂಗಳಿಗೆ ಮುಗಿಯಿತು ಅಂದುಕೊಳ್ಳಬೇಡಿ. ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಎರಡು ವರ್ಷಕ್ಕೆ ಇಂಥ ತಂಡದ ಆರೈಕೆ ನಿಂತ ಮೇಲೆ, ಐದನೇ ವರ್ಷಕ್ಕೆ ನೋಡಿದಾಗ ಲಾಭದ ಹೆಚ್ಚಿನ ಭಾಗ ಕರಗಿತ್ತು.

ಒಂದು ಎಚ್ಚರಿಕೆ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಇವತ್ತೇ ಬೀಗ ಹಾಕಿ ಇಡಿ. "ಸಾಯಬೇಕು ಅನಿಸುತ್ತದಾ" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಧ್ವನಿ ಏನಾದರೂ ಮಾಡು ಅಂತ ಹೇಳುತ್ತಿದ್ದರೆ, ನೀರೂ ಬಿಟ್ಟರೆ, ಜ್ವರದ ಜೊತೆ ಮೈ ಸೆಟೆದುಕೊಂಡರೆ, ಮಂಗಳವಾರಕ್ಕೆ ಕಾಯದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಹುಬ್ಬಳ್ಳಿ ಹುಡುಗ ಉತ್ತರಿಸಿದ್ದಾರೆ:

ಅಕ್ಕಾ, ಇಲ್ಲಿ ಉತ್ತರ ಬರೆದವರೆಲ್ಲ ಹೊರಗಿನಿಂದ ನೋಡಿದವರು. ನಾನು ಒಳಗಿದ್ದವನು. ನನಗೀಗ 24. ನಾಲ್ಕು ವರ್ಷದ ಹಿಂದೆ ಹಾಸ್ಟೆಲ್‌ನಲ್ಲಿ ಶುರುವಾಯಿತು. ಫ್ಯಾನ್ ತಿರುಗುವ ಶಬ್ದದಲ್ಲಿ ಇಬ್ಬರು ನನ್ನ ಬಗ್ಗೆ ಮಾತಾಡುತ್ತಿದ್ದರು. ಜೂನ್ ತಿಂಗಳ ಸೆಕೆಯಲ್ಲಿ ಫ್ಯಾನ್ ಬಂದ್ ಮಾಡಿಕೊಂಡು ಮಲಗುತ್ತಿದ್ದೆ.

ಕಿಟಕಿಯ ಪೇಪರ್ ಕೀಳಬೇಡಿ. ನನಗೂ ಅದೊಂದೇ ರಕ್ಷಣೆ ಅನಿಸುತ್ತಿತ್ತು. ನಮ್ಮ ಕಾಕಾ ಬಂದು ನಾನು ಅಂಟಿಸಿದ್ದನ್ನೆಲ್ಲ ಹರಿದು ಹಾಕಿದಾಗ ಎರಡು ದಿನ ಮಂಚದ ಕೆಳಗೆ ಇದ್ದೆ.

ನನ್ನ ಅಣ್ಣ ಸುಳ್ಳು ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. "ನಂಗೆ ಕೇಳಿಸ್ತಿಲ್ಲ, ಆದ್ರೆ ನಿಂಗೆ ಕೇಳಿಸ್ತಿದೆ. ಹೆದ್ರಿಕೆ ಆಗ್ತಿರ್ಬೇಕು ಅಲ್ವಾ" ಅಂದ. ಹೆದರಿಕೆ ಅನ್ನುವ ಮಾತನ್ನು ಯಾರಾದರೂ ಹೇಳಿದ್ದು ಅದೇ ಮೊದಲು. ಉಳಿದವರೆಲ್ಲ ಧ್ವನಿ ನಿಜವಾ ಸುಳ್ಳಾ ಅಂತ ವಾದ ಮಾಡುತ್ತಿದ್ದರು. ಅಣ್ಣನ ಜೊತೆ ಮಾರನೇ ದಿನವೇ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋದೆ.

ಡಾಕ್ಟರಿಗೆ ತಮ್ಮನ ಜೊತೆ ಒಬ್ಬನೇ ಮಾತಾಡೋಕೆ ಬಿಡಿ. ನಾನು ಒಂದು ವರ್ಷ ಗಾಂಜಾ ಸೇದಿದ್ದೆ. ಅಪ್ಪನ ಮುಂದೆ ಸತ್ತರೂ ಹೇಳುತ್ತಿರಲಿಲ್ಲ. ಅಪ್ಪ ಹೊರಗೆ ಹೋದ ಮೇಲೆ ಹೇಳಿದೆ. ಅವರು ಬೈಯಲಿಲ್ಲ, ಬರೆದುಕೊಂಡರು. ಅದು ಕಾಯಿಲೆಯನ್ನು ಜಾಸ್ತಿ ಮಾಡುತ್ತದೆ, ಬಿಡಬೇಕು ಅಂದರು. ಬಿಟ್ಟೆ.

ಮಾತ್ರೆ ಬಗ್ಗೆ ನಿಜ ಹೇಳುತ್ತೇನೆ. ಮೊದಲು ಓಲಾಂಜಪಿನ್ ಕೊಟ್ಟರು. ಧ್ವನಿ ಹೋಯಿತು, ಆದರೆ ಏಳು ತಿಂಗಳಲ್ಲಿ 13 ಕಿಲೋ ಏರಿದೆ. ರಾತ್ರಿ ಹನ್ನೊಂದಕ್ಕೆ ಎದ್ದು ರೊಟ್ಟಿ ಹುಡುಕುತ್ತಿದ್ದೆ. ನಾಚಿಕೆಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡಬೇಕು ಅಂತಿದ್ದೆ. ಅಣ್ಣ ಕರೆದುಕೊಂಡು ಹೋಗಿ ಹೇಳಿಸಿದ. ಡಾಕ್ಟರ್ ನಿಧಾನವಾಗಿ ಅರಿಪಿಪ್ರಜೋಲ್‌ಗೆ ಬದಲಿಸಿದರು. ಅದರಲ್ಲಿ ಮೊದಲ ಎರಡು ವಾರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಅದಕ್ಕೂ ಡೋಸು ಸರಿ ಮಾಡಿದರು. ಹೇಳಿದರೆ ದಾರಿ ಇದೆ. ತಮ್ಮ ಹೇಳದಿದ್ದರೆ ನೀವು ಕೇಳುತ್ತಾ ಇರಿ.

ಓದಿನ ಬಗ್ಗೆ: ಕಾಲೇಜಿಗೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಒಂದು ವರ್ಷ ಬಿಟ್ಟೆ. ವಾಪಸ್ ಹೋದಾಗ ನನ್ನ ಕ್ಲಾಸಿನವರು ಸೀನಿಯರ್ ಆಗಿದ್ದರು. ಒಂದು ಪುಟ ಓದೋಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಎಲ್ಲರೂ ಧ್ವನಿ ಹೋಯಿತಾ ಅಂತ ಕೇಳುತ್ತಿದ್ದರು, ತಲೆ ಇಷ್ಟು ನಿಧಾನ ಆಗಿದೆ ಅಂತ ಯಾರೂ ಕೇಳಲಿಲ್ಲ. ಹೋದ ವರ್ಷ ಡಿಗ್ರಿ ಮುಗಿಸಿದೆ. ನಿಮ್ಮ ತಮ್ಮನಿಗೆ ಬೇಕಿದ್ದರೆ, ಅವನಿಗೆ ಮನಸ್ಸು ಬಂದಾಗ, ನನ್ನ ಜೊತೆ ಮಾತಾಡಲಿ. ಕ್ರಿಕೆಟ್ ಬಗ್ಗೆ ಆದರೂ ಸರಿ.

ಅರಸೀಕೆರೆ ಅಕ್ಕ ಮತ್ತೆ ಬರೆದಿದ್ದಾರೆ:

ಒಂಬತ್ತು ದಿನ ಆಯಿತು. ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಸಾಗರದ ಅಮ್ಮ ಹೇಳಿದ ಹಾಗೆ ಅಪ್ಪನಿಗೆ "ಪೂಜೆಯೂ ಇರಲಿ" ಅಂದೆ. ಅಪ್ಪ ಒಂದು ಮಾತೂ ಆಡದೆ ಬೆಳಗ್ಗೆ ಶರ್ಟ್ ಹಾಕಿಕೊಂಡು ನಿಂತಿದ್ದರು. ತಮ್ಮನಿಗೆ ನಿದ್ದೆ ಬಗ್ಗೆ ಹೇಳಿದೆ. ಹೆದರಿಕೆ ಆಗುತ್ತಾ ಅಂತಲೂ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ತಲೆ ಆಡಿಸಿದ. ಸಾಯಬೇಕು ಅನಿಸುತ್ತಾ ಅಂತ ಕೇಳೋಕೆ ನನಗೆ ಕೈಕಾಲು ನಡುಗಿತು, ಆದರೂ ಕೇಳಿದೆ. ಇಲ್ಲ ಅಂದ. ಡಬ್ಬಗಳಿಗೆ ಬೀಗ ಹಾಕಿದ್ದೇವೆ.

ಡಾಕ್ಟರ್ ಅವನ ಜೊತೆ ಒಬ್ಬನೇ ಅರ್ಧ ಗಂಟೆ ಮಾತಾಡಿದರು. ಆಮೇಲೆ ನನ್ನ ನೋಟ್‌ಬುಕ್ ತೆಗೆದುಕೊಂಡು ಪೂರ್ತಿ ಓದಿದರು. ರಕ್ತ ಪರೀಕ್ಷೆ ಆಯಿತು. ಕಾಯಿಲೆಯ ಹೆಸರು ಈಗಲೇ ಹೇಳುವುದಿಲ್ಲ ಅಂದರು. ರಾತ್ರಿ ಒಂದು ಮಾತ್ರೆ. ಪಟ್ಟಿ ಅವನ ಕೈಯಲ್ಲೇ ಇದೆ. ಅದನ್ನು ತಿರುಗಿಸಿ ತಿರುಗಿಸಿ ಹಿಂದಿನ ಕಾಗದ ಎಲ್ಲೂ ಹರಿದಿಲ್ಲ ಅಂತ ನೋಡಿಕೊಂಡು, ತಾನೇ ಒತ್ತಿ ತೆಗೆದು ನುಂಗುತ್ತಾನೆ. ಒಂದು ದಿನವೂ ಬೇಡ ಅಂದಿಲ್ಲ. ನಿನ್ನೆ ರಾತ್ರಿ ಅಪ್ಪ ಮೋಟರ್ ಹಾಕೋಕೆ ಎದ್ದಾಗ ಜಗಲಿ ಖಾಲಿ ಇತ್ತಂತೆ. ಹೋಗಿ ನೋಡಿದರೆ ಕೋಣೆಯಲ್ಲಿ ಮಲಗಿದ್ದನಂತೆ. ಅಪ್ಪ ಮೋಟರ್ ಹಾಕದೆ ವಾಪಸ್ ಬಂದು ಮಲಗಿದ್ದಾರೆ.

ಊಟ ಇನ್ನೂ ಬಾಳೆಹಣ್ಣು, ಮೊಟ್ಟೆಯೇ. ಪೇಪರ್ ಹಾಗೇ ಇದೆ, ಮುಟ್ಟಿಲ್ಲ. ಮುಂದಿನ ಭೇಟಿ ಎರಡು ವಾರಕ್ಕೆ.

ಹುಬ್ಬಳ್ಳಿ ತಮ್ಮಾ, ಕಾಲೇಜಿಗೆ ಕೊಟ್ಟ ಪತ್ರದಲ್ಲಿ ಕಾಯಿಲೆಯ ಹೆಸರು ಬರೆದಿದ್ದರಾ, ಅಥವಾ ಚಿಕಿತ್ಸೆಯಲ್ಲಿದ್ದಾನೆ ಅಂತ ಅಷ್ಟೇ ಬರೆಸಿದರೆ ಸಾಕಾಗುತ್ತದಾ? ಅವನ ಹಾಜರಾತಿ ತಿಂಗಳ ಕೊನೆಗೆ ಲೆಕ್ಕ ಹಾಕುತ್ತಾರೆ, ಅದರೊಳಗೆ ಕೊಡಬೇಕು.